ಕೊನೆಯ ಅಧ್ಯಾಯಕ್ಕೊಂದು ಹಲ್ಲು

ಇಲ್ಲದ ನೋವನ್ನು ಇದೆ ಎನ್ನುವುದು ಎಷ್ಟು ದೊಡ್ಡ ಸುಳ್ಳು? ಕನ್ನಡಿಯ ಮುಂದೆ ನಿಂತು ಗಟ್ಟಿಮುಟ್ಟಾದ ಹಲ್ಲುಗಳನ್ನು ಉಜ್ಜುತ್ತ ಅವಳು ತನ್ನನ್ನೇ ಕೇಳಿಕೊಂಡಳು. ಯಾರಿಗೂ ನಷ್ಟವಿಲ್ಲದ, ಬರೀ ಅರ್ಧ ಗಂಟೆಯ ಸುಳ್ಳು ಎಂದು ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಸಮಾಧಾನವೇನೂ ಆಗಲಿಲ್ಲ.

ಇದಕ್ಕೆಲ್ಲ ಮೂಲ ಸೋದರತ್ತೆಯ ಹಲ್ಲಿನ ಸೆಟ್ಟು. ಅತ್ತೆಯ ಜೊತೆಗೆಂದು ಹಲ್ಲಿನ ಡಾಕ್ಟರಲ್ಲಿಗೆ ಹೋಗಿ ಕಾಯುವಾಗ, ಹಳೆಯ ವಾರಪತ್ರಿಕೆಗಳ ಅಡಿಯಲ್ಲಿ ರಟ್ಟು ಹರಿದು ಹೆಸರೇ ಇಲ್ಲದ ಒಂದು ಕಾದಂಬರಿ ಸಿಕ್ಕಿತ್ತು. ಒಂದೂರಿನಲ್ಲಿ ಜನರ ನೆರಳುಗಳು ಒಂದೊಂದಾಗಿ ಕಳುವಾಗುತ್ತವೆ. ಬೀದಿದೀಪ ಹಚ್ಚುವ ಮುದುಕಿ ಕಳ್ಳನನ್ನು ಹುಡುಕುತ್ತ ಹೊರಡುತ್ತಾಳೆ. ಪತ್ತೇದಾರಿಯೋ ಮಾಯಾಲೋಕವೋ ಹೇಳಲಾಗದ ಆ ಕತೆ ಓದುತ್ತ ಅವಳು ಆಗಾಗ ತನ್ನ ಕಾಲ ಬಳಿ ನೆರಳಿದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಕೊನೆಯ ಪುಟಕ್ಕೆ ಹಾರಿ ಕಳ್ಳನನ್ನು ನೋಡಿಬಿಡುವವಳಲ್ಲ. ಗೊತ್ತಿಲ್ಲದಿರುವ ಸುಖವನ್ನು ಪೆಪ್ಪರಮಿಂಟಿನಂತೆ ನಾಲಿಗೆಯಡಿ ಇಟ್ಟುಕೊಂಡು ಚೀಪುವವಳು.

ಆದರೆ ಕೊನೆಯ ಅಧ್ಯಾಯ ಉಳಿದಿರುವಾಗಲೇ ಅತ್ತೆಯ ಸೆಟ್ಟು ಬಾಯಲ್ಲಿ ಕೂತು, ಅಲ್ಲಿಗೆ ಹೋಗುವುದೇ ನಿಂತುಬಿಟ್ಟಿತು. ಹೆಸರಿಲ್ಲದ ಪುಸ್ತಕವನ್ನು ಅಂಗಡಿಯಲ್ಲಿ ಏನೆಂದು ಕೇಳುವುದು? ಡಾಕ್ಟರನ್ನೇ ಕೇಳಿ ತರಬಹುದಿತ್ತು. ಆದರೆ ಬಸ್ಸಿನಲ್ಲಿ ‘ಇಳೀಬೇಕು’ ಎನ್ನಲು ನಾಚಿ, ಮುಂದಿನ ನಿಲ್ದಾಣದಿಂದ ನಡೆದುಬರುವ ಹುಡುಗಿ ಅವಳು.

ಹೀಗಾಗಿ ಆ ದಿನ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಬಂದಳು. ಬಾಗಿಲ ಬಳಿಯ ನರ್ಸಮ್ಮ ಯಾವ ಕಡೆ ನೋವೆಂದು ಕೇಳಿದಾಗ ಎಡಗಡೆ ಎಂದಳು. ಬಂದವರನ್ನೆಲ್ಲ ಮುಂದೆ ಬಿಟ್ಟು, ಓದಿ ಮುಗಿಸಿ, ನೋವು ಕಡಿಮೆಯಾಯಿತೆಂದು ಎದ್ದುಹೋಗುವುದು ಅವಳ ಉಪಾಯ.

ಉಪಾಯ ಕೆಟ್ಟದ್ದು ಮಹಡಿಮನೆ ಆಂಟಿಯಿಂದ. ಹುಳುಕಿಗೆ ಸಿಮೆಂಟು ತುಂಬಿಸಿಕೊಳ್ಳಲು ಬಂದಿದ್ದ ಅವರು ಇವಳ ಪಕ್ಕದಲ್ಲೇ ಕೂತು, ಇದು ರಾತ್ರಿ ಎಚ್ಚರವಿದ್ದು ಓದುವುದರ ಫಲ ಎಂದು ಇಡೀ ಕೋಣೆಗೆ ತಿಳಿಸಿದರು. ಕೆನ್ನೆ ಬನ್ನಿನಂತೆ ಊದಿದ್ದ ಡ್ರೈವರಿಗೆ ಇವಳು ತನ್ನ ಸರದಿ ಬಿಟ್ಟುಕೊಟ್ಟಳು. ಆಂಟಿ ಮೆಚ್ಚಿಕೊಂಡರು. ಮತ್ತೊಬ್ಬರಿಗೆ ಬಿಟ್ಟುಕೊಟ್ಟಾಗ ಆಂಟಿಯ ಹುಬ್ಬು ಮೇಲೇರಿತು.

ಅಷ್ಟರಲ್ಲಿ ಕತೆಯಲ್ಲಿ ಮುದುಕಿ ಒಂದು ಮಗುವಿನ ನೆರಳನ್ನು ಪತ್ತೆ ಹಚ್ಚಿ, ಮಡಿಚಿದ ಬಟ್ಟೆಯಂತೆ ಅದರ ಕೈಗಿತ್ತಳು. ಮಗು ಅದನ್ನು ಎದೆಗೊತ್ತಿಕೊಂಡಿತು. ಆ ಸಾಲನ್ನು ಎರಡನೆಯ ಸಲ ಓದುವಾಗ ಇವಳ ಕಣ್ಣಲ್ಲಿ ನೀರು ತುಂಬಿ ಮೂಗಿನ ತುದಿಗಿಳಿಯಿತು.

“ಅಯ್ಯೋ ಪಾಪ, ನೋಡ್ರಿ, ಅಳ್ತಾ ಇದೆ ಕೂಸು,” ಎಂದು ಆಂಟಿ ಎದ್ದೇಬಿಟ್ಟರು. “ನಮ್ಮದೇನು, ಆಮೇಲಾದ್ರೂ ಆಗುತ್ತೆ. ಮೊದಲು ಇವಳನ್ನ ಕರ್ಕೊಳ್ಳಿ.”

ತನಗೆ ಅವಸರವಿಲ್ಲವೆಂದು ಇವಳು ಗೊಣಗಿದಷ್ಟೂ ಜನರ ಮರುಕ ಹೆಚ್ಚಿತು. ಇವಳ ಸರದಿ ಪಡೆದು ಬಾಗಿಲವರೆಗೆ ಹೋಗಿದ್ದವರೂ ವಾಪಸ್ಸು ಬಂದು ದಾರಿ ಬಿಟ್ಟರು. ನರ್ಸಮ್ಮ ಪುಸ್ತಕ ಕಿತ್ತಿಟ್ಟು, ಮದುವೆಯ ಹೆಣ್ಣನ್ನು ಕರೆದೊಯ್ಯುವಂತೆ ರಟ್ಟೆ ಹಿಡಿದು ಒಳಗೆ ನಡೆಸಿದರು. ಇನ್ನು ಉಳಿದಿದ್ದುದು ಆರೇಳು ಪುಟ.

ಕುರ್ಚಿ ಹಿಂದಕ್ಕೆ ಮಲಗಿತು. ಡಾಕ್ಟರು ಕೇಳಿದಾಗ ಗಾಬರಿಯಲ್ಲಿ ಬಲಗಡೆ ತೋರಿಸಿದಳು.

“ಹೊರಗೆ ಎಡ, ಒಳಗೆ ಬಲ. ಹೇಳಿಕೆ ಬದಲಾಯಿಸ್ತಾ ಇದ್ದೀರಲ್ಲಮ್ಮ,” ಎಂದು ನರ್ಸಮ್ಮ ಬರೆದ ಚೀಟಿ ನೋಡಿ ನಕ್ಕ ಡಾಕ್ಟರು ಪುಟ್ಟ ಕನ್ನಡಿ ತೂರಿಸಿ ಮೂಲೆಮೂಲೆ ಶೋಧಿಸಿದರು. “ಸಿಕ್ಕಿದ. ಕಟ್ಟಕಡೇಲಿ ಅಡ್ಡ ಮಲಗಿದಾನೆ, ಬುದ್ಧಿಹಲ್ಲು.”

ಇಂದಲ್ಲ ನಾಳೆ ಅದು ಕಾಡುವುದು ಖಂಡಿತ, ತೆಗೆದುಬಿಡೋಣವೇ ಎಂದರು. ಬೇಡ ಎನ್ನಲು ಧೈರ್ಯ ಬೇಕು. ತಲೆಯಾಡಿಸಲು ಕತ್ತಿದ್ದರೆ ಸಾಕು. ಅವಳು ತಲೆಯಾಡಿಸಿದಳು. ಸೂಜಿ ಇಳಿಯಿತು. ಕೆನ್ನೆ ಯಾರದೋ ಕೆನ್ನೆಯಾಯಿತು.

ಹುಡುಗಿ ತುಂಬ ಹೆದರಿದ್ದಾಳೆ, ಹೊರಗೆ ಆ ರಟ್ಟಿಲ್ಲದ ಪುಸ್ತಕವನ್ನು ಬಿಗಿಯಾಗಿ ಹಿಡಿದು ಕೂತಿದ್ದಳು ಎಂದು ನರ್ಸಮ್ಮ ವರದಿ ಒಪ್ಪಿಸಿದರು. ಡಾಕ್ಟರ ಮುಖ ಅರಳಿತು. ಅದು ಅವರದೇ ಪುಸ್ತಕ, ಎಷ್ಟು ಸಲ ಓದಿದರೂ ತಣಿಯದ ಪುಸ್ತಕ. ಇಕ್ಕುಳ ಕೈಗೆತ್ತಿಕೊಂಡು, ರೋಗಿಯ ಮನಸ್ಸನ್ನು ಬೇರೆ ಕಡೆ ತಿರುಗಿಸಲೆಂದು ಅದರ ಮಾತೇ ತೆಗೆದರು.

ಅವಳು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದಳು. ನೋವಿಗೆ ಹಾಗಾಡುತ್ತಾಳೆಂದು ನರ್ಸಮ್ಮ ಕೈಗಳನ್ನು ಹಿಡಿದುಕೊಂಡರು.

“ಆಯ್ತು ಆಯ್ತು, ಇನ್ನೊಂಚೂರು ತಾಳ್ಕೊಳ್ಳಿ. ಕತೆ ಕೇಳ್ತಾ ಇರಿ. ಆ ಮುದುಕಿ ಊರೆಲ್ಲ ಹುಡುಕ್ತಾಳಲ್ಲ, ಕೊನೆಗೆ ನೋಡಿದ್ರೆ ಅವಳೇ ಕಳ್ಳಿ. ದೀಪ ಅವಳ ಕೈಲೇ ಇತ್ತಲ್ಲಮ್ಮ. ನೆರಳು ಮೂಡಿಸೋಳೂ ಅವಳೇ, ಕದಿಯೋಳೂ ಅವಳೇ. ಎಂಥಾ ತಲೆ ಬರೆದೋನ್ದು.”

ಹಲ್ಲೂ ಗುಟ್ಟೂ ಒಟ್ಟಿಗೇ ಹೊರಬಿದ್ದವು.

ಡಾಕ್ಟರು ಹಲ್ಲನ್ನು ತಟ್ಟೆಗೆ ಟಣ್ಣೆಂದು ಹಾಕಿ, ಗಾಯಕ್ಕೆ ಹತ್ತಿ ಇಟ್ಟು, “ಗೊತ್ತೇ ಆಗ್ಲಿಲ್ಲ ಅಲ್ವಾ?” ಎಂದರು. ಬಾಗಿಲ ಸಂದಿಯಿಂದ ಆಂಟಿಯೂ ಇಣುಕಿ, ಈಗ ಹೇಗಿದೆ ಎಂದು ವಿಚಾರಿಸಿದರು.

ಅವಳು ಎದ್ದು ಕೂತು ಬಾಯಿಂದ ಹತ್ತಿ ತೆಗೆದಳು. ಮರಗಟ್ಟಿದ ನಾಲಿಗೆಯಿಂದ ಒಂದೊಂದೇ ಅಕ್ಷರವನ್ನು ಎಳೆದು ತಂದು, ಕೋಣೆಯಾಚೆಗೂ ಕೇಳುವಂತೆ ಹೇಳಿದಳು:

“ಡಾಕ್ಟ್ರೇ, ನನಗೆ ಹಲ್ಲುನೋವೇ ಇರ್ಲಿಲ್ಲ. ಕಳ್ಳ ಯಾರು ಅಂತ ಓದೋಕೆ ಬಂದಿದ್ದೆ.”