ಒರಳುಕಲ್ಲಿನ ಗೃಹಪ್ರವೇಶ

ವಾಚು ರಿಪೇರಿಯವನಿಗೆ ಸಿಟ್ಟು ಬಂದದ್ದು ನ್ಯಾಯವೇ. ತೀರಿಹೋದ ಗೆಳೆಯನ ಊರಿನ ಪುರಾತನ ಪಾಕಪರಂಪರೆಯನ್ನು ಉಳಿಸಲು ಒಬ್ಬ ಮನುಷ್ಯ ಟೊಂಕ ಕಟ್ಟಿ ನಿಂತರೆ, ಕಟ್ಟಿಕೊಂಡವಳು ಒರಳುಕಲ್ಲಿಗೆ ಒಂದು ಮೂಲೆ ಕೊಡುವುದಿಲ್ಲವೆಂದರೆ ಏನರ್ಥ?

"ಅದನ್ನ ಅಲ್ಲಿಟ್ರೆ ನಾನೆಲ್ಲಿ ನಿಂತ್ಕೊಳ್ಳಲಿ? ಒರಳಿನ ಮೇಲಾ?" ಎಂದಳು ಹೆಂಡತಿ.

"ನಿಂಗೆ ಅಡುಗೆ ಅಂದ್ರೆ ಹೊಟ್ಟೆ ತುಂಬಿಸೋ ಕೆಲಸ. ನನ್ನ ಗೆಳೆಯನಿಗೆ ಅದು ತಪಸ್ಸು!"

ಗೆಳೆಯ ಒಂಟಿ ಜೀವ, ಚಿತ್ರ ಕಲಿಸುವ ಮೇಷ್ಟ್ರು. ವಾಚಿನವನು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಅವನ ಕೋಣೆಗೆ ಊಟಕ್ಕೆ ಹೋಗುತ್ತಿದ್ದ. "ನಮ್ಮೂರ ಕಡೆಯ ಅಡುಗೆ ಕಣೋ, ಅಜ್ಜಿಯಿಂದ ಬಂದದ್ದು" ಎಂದು ಮೇಷ್ಟ್ರು ಬಡಿಸಿದ್ದನ್ನು ತಿಂದು, ಬೆರಳು ನೆಕ್ಕಿ, ಕಣ್ಣು ಮುಚ್ಚಿ ಹೊಗಳಿ, ಮನೆಗೆ ಬಂದು ಹೆಂಡತಿಗೆ ಉಪನ್ಯಾಸ ಕೊಡುತ್ತಿದ್ದ. ಮೇಷ್ಟ್ರು ಹೋದಮೇಲೆ ಭಾನುವಾರಗಳು ಮುಳ್ಳು ಕಳಚಿದ ಗಡಿಯಾರದಂತಾದವು. ಆ ರುಚಿ ಇನ್ನೊಮ್ಮೆ ನಾಲಿಗೆಗೆ ತಗುಲಬೇಕು, ಅದೊಂದೇ ಅವನ ಆಸೆ.

ಹಾಗಾಗಿ ಒರಳು ಬಂತು. ಹಿಂದೆಯೇ ಮಣ್ಣಿನ ಗಡಿಗೆಗಳು, ಕಬ್ಬಿಣದ ಬಾಣಲೆ, ಮರದ ಸೌಟು, ಗಾಣದ ಎಣ್ಣೆ, ಊರಲ್ಲಿರುವ ಒಣಮೆಣಸಿನಕಾಯಿಯೆಲ್ಲ ಬಂದವು. ಮಿಕ್ಸಿಯನ್ನು ಮಂಚದ ಕೆಳಗೆ ಗಡೀಪಾರು ಮಾಡಲಾಯಿತು. (ಹೆಂಡತಿಯ ಮುಖ ನೋಡಿದರೆ ಮುಂದಿನ ಸರದಿ ಯಾರದೆಂದು ತಿಳಿಯುತ್ತಿತ್ತು.) ಯಾವುದನ್ನು ಯಾವುದಕ್ಕೆ ಹಾಕಬೇಕೆಂದು ಮಾತ್ರ ತಿಳಿಯದು. ಅದಕ್ಕೇ ಮೇಷ್ಟ್ರ ಅಕ್ಕನನ್ನು ಭಾನುವಾರ ತಾನೇ ಹೋಗಿ ಕರೆತಂದ.

ಅಕ್ಕ ಅಡುಗೆಮನೆಯ ಹೊಸ್ತಿಲಲ್ಲೇ ನಿಂತರು. "ಇದೇನಪ್ಪಾ, ಅಂಗಡಿ ಇಡ್ತಿದ್ದೀಯಾ?"

"ನಿಮ್ಮೂರ ಅಡುಗೆಗೆ ಅಕ್ಕಾ. ನಿಮ್ಮ ತಮ್ಮ ಮಾಡ್ತಿದ್ನಲ್ಲ! ನೀವು ಹೇಳ್ತಾ ಹೋಗಿ, ನಾನು ಮಾಡ್ತೀನಿ."

"ಅವನಾ? ಅವನು ನೀರು ಕಾಯ್ಸಿದ್ರೂ ತಳ ಹತ್ತೋದು! ನಮ್ಮಜ್ಜಿನೂ ಅಷ್ಟೇ, ಉಪ್ಪು ಹಾಕಿ ಬೇಯಿಸಿಟ್ರೆ ಮುಗೀತು."

ವಾಚಿನವನು ಕಲ್ಲಾದ. (ಈಗ ಅಡುಗೆಮನೆಯಲ್ಲಿ ಕಲ್ಲು ಎರಡಾಯಿತು.) ಅವನ ಕಣ್ಣು ಮೆಲ್ಲಗೆ ಹೆಂಡತಿಯ ಕಡೆ ತಿರುಗಿತು.

"ಭಾನುವಾರ ಬೆಳಿಗ್ಗೆ ನೀವು ಅಂಗಡಿಗೆ ಹೋದ್ಮೇಲೆ ಹಿಂದಿನ ಬಾಗಿಲಿಗೆ ಬರೋರು ಮೇಷ್ಟ್ರು, ಡಬ್ಬಿ ಹಿಡ್ಕೊಂಡು. ನಾನೇ ತುಂಬಿ ಕಳಿಸ್ತಿದ್ದೆ. ಯಾವತ್ತೋ ನಿಮ್ಮೆದುರು ಬಡಾಯಿ ಕೊಚ್ಚಿಬಿಟ್ಟಿದ್ರಂತೆ, ಆಮೇಲೆ ಬಿಡೋಕಾಗ್ಲಿಲ್ಲ. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಸುಳ್ಳು! ನಿನ್ನ ಅಡುಗೆ ನಂಗೆ ಗೊತ್ತಾಗಲ್ವಾ?"

"ಅದೇ ಪಾತ್ರೇಲಿ ಉಳಿದಿದ್ದನ್ನ ರಾತ್ರಿ ಬಡಿಸಿದ್ರೆ, 'ಅವನ ಕೈಗುಣ ನಿಂಗೆಲ್ಲಿ ಬರಬೇಕು' ಅಂದೋರು ಯಾರು?"

ಅಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡರು. ವಾಚಿನವನ ಕೋಪ ನೆತ್ತಿಗೇರಿತು. ಮೋಸ! ಮಿತ್ರದ್ರೋಹ! ಈಗಲೇ ಹೋಗಿ ಆ ಮೇಷ್ಟ್ರ ಕೊರಳಪಟ್ಟಿ ಹಿಡಿದು ಕೇಳಿಯೇಬಿಡಬೇಕೆಂದು ಚಪ್ಪಲಿ ಮೆಟ್ಟಿ ಬೀದಿಗಿಳಿದ. ನಾಲ್ಕು ಹೆಜ್ಜೆ ಹೋದಮೇಲೆ ನೆನಪಾಯಿತು.

ಹಿಂದಿರುಗಿ, ಚಪ್ಪಲಿ ಬಿಟ್ಟು ಒಳಗೆ ಬಂದ. ತಟ್ಟೆಯ ಮುಂದೆ ಕೂತ. ಹೆಂಡತಿ ಬಡಿಸಿದಳು. (ಅವನು ಅಕ್ಕನನ್ನು ಕರೆಯಲು ಹೋದಾಗ ಮಿಕ್ಸಿ ವನವಾಸ ಮುಗಿಸಿತ್ತು.) ಒಂದು ತುತ್ತು ಬಾಯಿಗಿಟ್ಟ. ಅದೇ ರುಚಿ, ಅದೇ ಭಾನುವಾರ. ತಲೆಯೆತ್ತದೆ ಎಲ್ಲವನ್ನೂ ಬಳಿದು ತಿಂದು, ತಟ್ಟೆಯನ್ನು ಮತ್ತೆ ಮುಂದಕ್ಕೆ ನೂಕಿದ.

ಹೆಂಡತಿ ಸೌಟು ಎತ್ತಲಿಲ್ಲ. "ಮೊದಲು ಹೊಗಳಿ."

"ಚೆನ್ನಾಗಿದೆ."

"ಇಷ್ಟೇನಾ? ಮೇಷ್ಟ್ರ ಕೋಣೇಲಿ ಹೇಳ್ತಿದ್ದ ಹಾಗೆ ಪೂರ್ತಿ ಹೇಳಿ. ಸೋಮವಾರ ಡಬ್ಬಿ ವಾಪಸ್ ಕೊಡೋಕೆ ಬಂದಾಗ, ನೀವು ಹೊಗಳಿದ್ದನ್ನ ಮೇಷ್ಟ್ರು ನಿಮ್ಮ ಥರಾನೇ ಕಣ್ಣು ಮುಚ್ಚಿ, ಒಂದಕ್ಷರ ಬಿಡದೆ ಹೇಳಿ ಹೋಗೋರು. ಈಗ ಬಂದು ಹೇಳೋರಿಲ್ಲ. ಇನ್ಮೇಲೆ ನೀವೇ ಹೇಳ್ಬೇಕು."