ಸೂರಿಲ್ಲದ ಕೋಣೆಯ ತೆರಿಗೆ

೧೯೮೯ರಲ್ಲಿ ಒಂಬತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ಮದರಾಸಿಗೆ ಬಂದು, ಊರ ಹೊರವಲಯದಲ್ಲಿದ್ದ ಸೋದರಮಾವನ ಮನೆ ಸೇರಿದೆ. ರಾಯಪುರಂ ಹಾರ್ಬರಿನಲ್ಲಿ ಮೂಟೆ ಹೊತ್ತೆ, ಕ್ರೇನ್ ಓಡಿಸುವುದು ಕಲಿತೆ, ಯಾರ ಮುಂದೆಯೂ ಕೈಯೊಡ್ಡಲಿಲ್ಲ. ನನ್ನ ಕಥೆ ಹಾಗಿರಲಿ. ಆಕಾಶವನ್ನೇ ಮನೆಯೊಳಗೆ ಇಟ್ಟುಕೊಂಡ ರೈಲ್ವೆ ಪೆನ್ಷನರ್ ಇಡೀ ಊರಿಗೆ ನನ್ನ ಮಾವ ಒಬ್ಬರೇ ಎಂದರೆ ನಂಬುತ್ತೀರಾ?

ಮಹಡಿಯ ಮೇಲೆ ಅವರು ನಾಲ್ಕು ಗೋಡೆ ಎಬ್ಬಿಸಿದ್ದರು, ಬಾಗಿಲು ಇಡಿಸಿದ್ದರು, ಸುಣ್ಣ ಕೂಡ ಹೊಡೆಸಿದ್ದರು. ಸೂರು ಮಾತ್ರ ಇಲ್ಲ! ಕಾರಣ ಮನೆ ತೆರಿಗೆ. ಮಾವನ ಮದರಾಸು ಬಾಯಲ್ಲಿ ‘ವೀಟ್ಟು ವರಿ’. ನಮ್ಮ ಪುಟ್ಟ ಪಂಚಾಯತಿಯನ್ನು ಪಕ್ಕದ ಮುನಿಸಿಪಾಲಿಟಿಗೆ ಸೇರಿಸುತ್ತಾರೆಂದು ಸುದ್ದಿಯಿತ್ತು. ಕಸ, ನೀರು, ಬೀದಿದೀಪ ಎಲ್ಲ ಒಂದೇ ಆಫೀಸಿಗೆ. ಸರಿ, ತೆರಿಗೆ ಎಲ್ಲಿಯವರೆಗೆ ಏರಬಹುದು? ಅದಕ್ಕೊಂದು ಮಿತಿ ಹಾಕುವ ತನಕ ಕೋಣೆಗೆ ಸೂರು ಹಾಕುವುದಿಲ್ಲ ಎಂಬುದು ಮಾವನ ಹಟ.

ಸಂಜೆ ಡ್ಯೂಟಿ ಮುಗಿಸಿ ಬಂದರೆ ಇಬ್ಬರೂ ಅಲ್ಲೇ ಚಾಪೆ ಹಾಸಿ ಉರುಳುತ್ತಿದ್ದೆವು. ಸಮುದ್ರದ ಗಾಳಿ ಗೋಡೆ ಹತ್ತಿ ಮೆಲ್ಲಗೆ ಒಳಗಿಳಿಯುತ್ತಿತ್ತು. ಒಂದು ಮೋಡ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಮುಟ್ಟುವಷ್ಟರಲ್ಲಿ ಮಾವನಿಗೆ ಅರ್ಧ ನಿದ್ದೆ, ಅರ್ಧ ಮಾತು. ಮಳೆ ಬಂದರೆ? ಮಲಗಿದಲ್ಲೇ ಕೊಡೆ ಬಿಚ್ಚುತ್ತಿದ್ದರು!

ತೆರಿಗೆ ಇನ್‌ಸ್ಪೆಕ್ಟರ್ ಒಮ್ಮೆ ಬಂದು, ಇದು ರೂಮೋ ಅಲ್ಲವೋ ಎಂದು ತಮಿಳಿನಲ್ಲಿ ಕೇಳಿದರು. ಮಾವ ಅಲ್ಲೇ ಕಾಫಿ, ಬಿಸ್ಕತ್ತು ಕೊಟ್ಟು ಸುಮ್ಮನೆ ಮೇಲಕ್ಕೆ ಕೈ ತೋರಿಸಿದರು. ಅಷ್ಟರಲ್ಲಿ ಕಾಗೆಯೊಂದು ಇಳಿದು ಅವರ ಬಿಸ್ಕತ್ತು ಎತ್ತಿಕೊಂಡು ಹೋಯಿತು. ಇನ್‌ಸ್ಪೆಕ್ಟರ್ ಏನೂ ಬರೆದುಕೊಳ್ಳಲಿಲ್ಲ.

ನನಗೆ ಮದುವೆಯಾಯಿತು. ಕೆಳಗೆ ನನಗೂ ಮಾವನಿಗೂ ಸೇರಿ ಇದ್ದದ್ದು ಒಂದೇ ಕೋಣೆ. ಹೆಂಡತಿ ತವರಿನಲ್ಲೇ ಉಳಿದಳು. ಕೊನೆಗೂ ಪಂಚಾಯತಿ ಮುನಿಸಿಪಾಲಿಟಿಗೆ ಸೇರಿತು, ನೋಟೀಸು ಬಂತು. ತೆರಿಗೆ ಏರುತ್ತದೆ ಎಂದಿತ್ತು. ಎಲ್ಲಿಯವರೆಗೆ ಎಂದು ಇರಲಿಲ್ಲ. ಅಷ್ಟರಲ್ಲಿ ಹೆಂಡತಿಗೆ ಏಳು ತಿಂಗಳು.

"ಮಾಮಾ, ಟ್ರಿಪ್ಲಿಕೇನಲ್ಲಿ ಬಾಡಿಗೆಗೆ ಒಂದು ಪೋರ್ಷನ್ ನೋಡಿದೀನಿ. ನಾವು ಅಲ್ಲಿಗೆ ಹೋಗ್ತೀವಿ."

ಮಾವ ಮಲಗಿದಲ್ಲೇ ಮೋಡ ನೋಡುತ್ತ ಕೇಳಿದರು.

"ಇವರ ವರಿಗೆ ಲಿಮಿಟ್ ಬರೋ ತನಕ ಮಗು ಕಾಯತ್ತೇನೋ?"

"ಕಾಯಲ್ಲ ಮಾಮಾ."

ಮರುವಾರ ಹಾರ್ಬರಿನಿಂದ ಬರುತ್ತೇನೆ, ಮಹಡಿಯ ಮೇಲೆ ಸೂರಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದಾರೆ! ಮಾವ ತಾವೇ ಮುನಿಸಿಪಾಲಿಟಿಗೆ ಹೋಗಿ, ನಮ್ಮ ಮನೆಯಲ್ಲಿ ಒಂದು ರೂಮು ಜಾಸ್ತಿಯಾಗಿದೆ, ಬರೆದುಕೊಳ್ಳಿ ಎಂದು ಹೇಳಿ ಬಂದಿದ್ದರು. ಸೂರಿನ ನಡುವೆ ಮಾತ್ರ ಒಂದು ಚೌಕದಷ್ಟು ಜಾಗ ಬಿಡಿಸಿ ಗಾಜು ಕೂರಿಸಿದರು.

"ಅಷ್ಟಕ್ಕೆ ಮಾತ್ರ ವರಿ ಕೊಡಲ್ಲ ಕಣೋ. ಅದು ಮಗೂದು."

ಈಗ ನನಗಿರುವುದು ಒಬ್ಬಳು ಹೆಂಡತಿ, ಒಬ್ಬಳು ಮಗಳು, ಸೂರಿರುವ ಒಂದು ಕೋಣೆ, ಗಾಜಿನ ಒಂದು ಚೌಕ, ಸಂಜೆಗೆ ಅದರಡಿ ಎರಡು ಚಾಪೆ. ಒಂದು ನನ್ನದು, ಒಂದು ಮಾವನದು.