ಜೊಂಡಿನ ಹೊಂಡದ ಜಗಳ

ನಿಕಾನೋರ್: ಇವತ್ತು ಈ ಹೊಂಡ ಮುಚ್ಚೇ ಮುಚ್ತೀನಿ! ನಾನು ಡಾಮಿನೋ ಆಡೋಕೆ ಮೇಜು ಹಾಕ್ತಿದ್ದ ಜಾಗ ಕಣೇ ಇದು!

ಇಲಾರಿಯಾ: ಮುಚ್ಚು, ಯಾರು ಬೇಡ ಅಂದ್ರು? ಆಮೇಲೆ ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಮೆಕ್ಕೆಜೋಳ ಬೇಯಿಸಿದ ಸುಣ್ಣದ ನೀರು ಎಲ್ಲಾ ನಿನ್ನ ಟೋಪಿಯಲ್ಲಿ ಹಿಡ್ಕೊಂಡು ಕೂತ್ಕೋ.

ನಿಕಾನೋರ್: ಮೊದಲು ಎಲ್ಲಿಗೆ ಹೋಗ್ತಿತ್ತೋ ಅಲ್ಲಿಗೇ ಹೋಗುತ್ತೆ.

ಇಲಾರಿಯಾ: ಮಕಾರಿಯೋ ಅಂಗಳಕ್ಕೆ! ಅದಕ್ಕೇ ತಾನೇ ಅವನು ನಿನ್ನ ಜೊತೆ ಮಾತು ಬಿಟ್ಟಿದ್ದು?

(ವೆರಾಕ್ರೂಜ್ ಬೆಟ್ಟದ ಇಳಿಜಾರಿನ ಆ ಊರಲ್ಲಿ ಮೇಲಿನ ಮನೆಯವರು ಚೆಲ್ಲಿದ್ದೆಲ್ಲ ಕೆಳಮನೆಯವರ ಪಾಲು. ಕೆಳಮನೆಯ ಮಕಾರಿಯೋ ಇವರ ಮಗಳಿಗೆ ಚರ್ಚಿನ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು. ಆ ನಂಟಿನಿಂದ ಗಂಡಸರಿಬ್ಬರೂ ಒಬ್ಬರನ್ನೊಬ್ಬರು ‘ಕೊಂಪಾದ್ರೆ’, ಅಂದರೆ ಮಗುವಿಗೆ ಜೊತೆತಂದೆ, ಅನ್ನುತ್ತಿದ್ದರು. ಕಳೆದ ವರ್ಷ ಕೊಳಚೆ ನೀರಿಗೆ ಜಗಳವಾದ ಮೇಲೆ ಏನೂ ಅನ್ನುತ್ತಿರಲಿಲ್ಲ. ಆಗಲೇ ಇಲಾರಿಯಾ ಊರ ಹೆಂಗಸರನ್ನು ಕೂಡಿಸಿ ಹಿತ್ತಲಲ್ಲಿ ಹೊಂಡ ತೋಡಿಸಿ, ಜಲ್ಲಿ ತುಂಬಿ, ಜೊಂಡು, ಹೂ ಬಿಡುವ ಕಾಬಾಳೆ ನೆಟ್ಟಳು. ಒಂದು ತುದಿಯಲ್ಲಿ ಒಳಹೋದ ಕೊಳಚೆ ಬೇರುಗಳ ನಡುವೆ ಜಿನುಗಿ, ಇನ್ನೊಂದು ತುದಿಯ ಕೊಳವೆಯಿಂದ ತಿಳಿಯಾಗಿ ಹೊರಬರಬೇಕು. ಆ ತುದಿಯನ್ನು ನಿಕಾನೋರ್ ಹಟಕ್ಕೆ ಬಿದ್ದು ಒಮ್ಮೆಯೂ ನೋಡಿರಲಿಲ್ಲ.)

ನಿಕಾನೋರ್: ಹುಲ್ಲು ಎಲ್ಲಾದ್ರೂ ನೀರು ತೊಳೆಯುತ್ತೇನೇ?

ಇಲಾರಿಯಾ: ಬೇರಲ್ಲಿರೋ ಸೂಕ್ಷ್ಮಜೀವಿಗಳು ಕೊಳೆ ಕರಗಿಸ್ತವೆ, ಗಿಡ ಅದನ್ನ ಉಂಡು ಬೆಳೆಯುತ್ತೆ. ನಿನ್ನ ಹಾಗೇನೇ. ಆದ್ರೆ ಗಿಡ ಯಾವತ್ತೂ ‘ಉಪ್ಪು ಕಮ್ಮಿ’ ಅಂದಿಲ್ಲ.

ನಿಕಾನೋರ್: ಮೋರಿಗೆ ಹೂ ಮುಡಿಸಿದ್ದೀಯ. ನನಗೆ ಒಂದಾದ್ರೂ ಹೂ ಕೊಟ್ಟಿದ್ದೀಯಾ?

ಇಲಾರಿಯಾ: ನೀನೂ ತಿಳಿಯಾದ ದಿನ ಕೊಡ್ತೀನಿ.

(ನಿಕಾನೋರ್ ಸಲಿಕೆ ಎತ್ತಿದ. ಅಷ್ಟರಲ್ಲಿ ಬೇಲಿಯಾಚೆ ಮಕಾರಿಯೋನ ತಲೆ ಕಾಣಿಸಿತು.)

ಮಕಾರಿಯೋ: ನಿಕಾನೋರ್! ನಿನ್ನ ಮನೆ ನೀರಿಂದ ನಾನು ಹಾಳಾಗಿ ಹೋದೆ!

ನಿಕಾನೋರ್: ನೋಡಿದ್ಯೇನೇ? ನಾನು ಬಡ್ಕೊಳ್ಳಲಿಲ್ವಾ? ತಪ್ಪಾಯ್ತು ಕೊಂಪಾದ್ರೆ, ಈಗಲೇ ಮುಚ್ತಿದ್ದೀನಿ. ಅಷ್ಟೊಂದು ನಾತವಾ?

ಮಕಾರಿಯೋ: ನಾತ ಇಲ್ಲ! ಅದೇ ನನ್ನ ಗೋಳು!

ನಿಕಾನೋರ್: ಹಾಂ?

ಮಕಾರಿಯೋ: ಮುಂಚೆ ನಮ್ಮತ್ತೆ ಬಂದ್ರೆ ಮಾರನೇ ದಿನವೇ ಮೂಗು ಮುಚ್ಕೊಂಡು ಬಸ್ಸು ಹತ್ತೋರು. ಈ ಸಲ ಬಂದು ತಿಂಗಳು ದಾಟ್ತು! ನಿನ್ನ ಮನೆ ನೀರು ಹರಿದು ಬರೋ ಕಾಲುವೆ ಪಕ್ಕ ಕುರ್ಚಿ ಹಾಕ್ಕೊಂಡು ‘ಎಂಥ ತಂಪು ಗಾಳಿ’ ಅಂತಾರೆ!

(ನಿಕಾನೋರ್ ಮೆಲ್ಲಗೆ ಹೊಂಡದ ಆ ತುದಿಗೆ ನಡೆದ. ಕೊಳವೆಗೆ ಬೊಗಸೆಯೊಡ್ಡಿ ಮೂಸಿದ. ಮತ್ತೊಮ್ಮೆ ಮೂಸಿದ. ಕೈಯ ಗೆರೆಗಳು ನೀರಿನೊಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು.)

ಮಕಾರಿಯೋ: ಕೊಂಪಾದ್ರೆ, ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಒಂದು ವಾರ ಆ ಗಿಡ ಕಿತ್ತಿಡು.

ನಿಕಾನೋರ್: ಕೀಳೋದಾ? ಒಂದೆಲೆ ಮುಟ್ಟಿದ್ರೆ ಹುಷಾರ್! ನಾವು ಬೆವರು ಸುರಿಸಿ ಬೆಳೆಸಿದ್ದು ಇದು!

ಇಲಾರಿಯಾ: ‘ನಾವು’ ಅಂದ್ರೆ ಯಾರ್ಯಾರು?

(ನಿಕಾನೋರ್ ಸಲಿಕೆಯನ್ನು ಬೆನ್ನ ಹಿಂದೆ ಅಡಗಿಸಿದ. ಮಕಾರಿಯೋಗೆ ನಗು ತಡೆಯಲಾಗಲಿಲ್ಲ. ಅದನ್ನು ನೋಡಿ ನಿಕಾನೋರನೂ ನಕ್ಕ. ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಗುತ್ತಿರುವಾಗಲೇ ಬೇಲಿಯ ಮೇಲೆ ಇನ್ನೊಂದು ಮುಖ ಮೂಡಿತು. ಅದು ಅತ್ತೆ ತೊಮಾಸಾ ಅವರದು.)

ತೊಮಾಸಾ: ಇಲಾರಿಯಾ, ನಾಲ್ಕು ಕಾಬಾಳೆ ಗಡ್ಡೆ ಕೊಡಮ್ಮಾ. ನಮ್ಮ ಅಳಿಯಂದಿರ ಬಚ್ಚಲ ನೀರಿಗೂ ಹೀಗೇ ಒಂದು ಹೊಂಡ ಮಾಡಿಸ್ತೀನಿ.

ಮಕಾರಿಯೋ: ಅಯ್ಯೋ ಅತ್ತೆ, ಊರಿಗೆ ಹೊರಡೋ ಹೊತ್ತಲ್ಲಿ ನಿಮಗ್ಯಾಕೆ ಆ ತೊಂದರೆ?

ತೊಮಾಸಾ: ಊರಿಗಾ? ಚೆನ್ನಾಗಿದೆ! ನೆಟ್ಟಿದ್ದು ಬೇರು ಬಿಡೋ ತನಕ ಮನೇಲಿ ಒಬ್ಬರು ಹಿರಿಯರು ಇರಬೇಕಪ್ಪಾ!